ಸದ್ದಿಲ್ಲದೆ ಹುರಿದುಂಬಿಸಿದ ದೊಡ್ಡಮ್ಮ

‘ಚಿಯರ್ ಆನ್’ ಎಂಬ ಇಂಗ್ಲಿಷ್ ಮಾತಿನ ಅರ್ಥ ಬರೆದು, ಅದನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಶಾಲೆಯ ಪರೀಕ್ಷೆಯಲ್ಲಿ ಕೇಳಿದ್ದರು. ನನ್ನ ಬಳಿ ಇಂಗ್ಲಿಷ್ ಪಾಠಕ್ಕೆ ಬರುವ ಪಕ್ಕದ ಮನೆಯ ಹುಡುಗಿ ಅರ್ಥವನ್ನು ಸರಿಯಾಗಿಯೇ ಬರೆದಿದ್ದಳು: ಸ್ಪರ್ಧೆಯಲ್ಲಿ ತೊಡಗಿರುವವರನ್ನು ಹುರಿದುಂಬಿಸುವುದು. ಅವಳ ವಾಕ್ಯ ಹೀಗಿತ್ತು: ‘ನನ್ನ ದೊಡ್ಡಮ್ಮ ಒಂದು ಚೂರೂ ಸದ್ದು ಮಾಡದೆ ನನ್ನನ್ನು ಚಿಯರ್ ಆನ್ ಮಾಡಿದಳು.’ ಮೇಷ್ಟ್ರು ಅದರ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ‘ಅಸಾಧ್ಯ’ ಎಂದು ಷರಾ ಬರೆದಿದ್ದರು.

ಮೇಷ್ಟ್ರನ್ನು ದೂರುವಂತಿಲ್ಲ. ನಿಘಂಟು ಅವರ ಕಡೆಗಿದೆ. ‘ಚಿಯರ್ ಅಪ್’ ಎಂಬುದು ಮುಖ ಸಪ್ಪಗೆ ಮಾಡಿಕೊಂಡು ಕುಳಿತವರಿಗೆ ಹೇಳುವ ಮಾತು. ಹೇಳಿದ ಮೇಲೆ ಆ ಮುಖ ಇನ್ನಷ್ಟು ಸಪ್ಪಗಾಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ‘ಚಿಯರ್ ಆನ್’ ಓಡುತ್ತಿರುವವರಿಗೆ, ಈಜುತ್ತಿರುವವರಿಗೆ, ಒಟ್ಟಿನಲ್ಲಿ ಇನ್ನೂ ಸೋಲದೆ ಇರುವವರಿಗೆ. ಕೂಗಬೇಕು, ಚಪ್ಪಾಳೆ ತಟ್ಟಬೇಕು, ಆಗದಿದ್ದರೆ ಸಿಳ್ಳೆಯನ್ನಾದರೂ ಹಾಕಬೇಕು. ಗಂಟಲಿಲ್ಲದೆ ಅದು ನಡೆಯದು ಎಂಬುದು ಲೋಕದ ತಿಳಿವಳಿಕೆ. ಆದರೆ ಲೋಕವಾಗಲಿ ಆ ಮೇಷ್ಟ್ರಾಗಲಿ ಈ ದೊಡ್ಡಮ್ಮನನ್ನು ಕಂಡವರಲ್ಲ.

ದೊಡ್ಡಮ್ಮ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದವಳು. ಹದಿಹರೆಯದಲ್ಲಿ ತಾಯಿಯ ಜಾಗಕ್ಕೆ ಸೇರಿ, ಕೂದಲು ಬೆಳ್ಳಗಾದ ಮೇಲೆ ಹೊರಬಂದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ‘ಬಂದವರು ಏನು ಕೇಳಿದ್ರೋ ಆ ಗಲಾಟೇಲಿ ಸರಿಯಾಗಿ ಕೇಳಿಸ್ಲಿಲ್ಲ’ ಎನ್ನುತ್ತಿದ್ದಳು. ತನಗಿಂತ ಎಷ್ಟೋ ಚಿಕ್ಕವಳಾದ ತಂಗಿಯನ್ನು ಸಾಕಿ, ಓದಿಸಿ, ಆಸ್ಪತ್ರೆಯಲ್ಲಿ ನರ್ಸ್ ಮಾಡಿದಳು. ತಂಗಿಯ ಮಗಳೇ ಈ ಹುಡುಗಿ. ಮೂವರೂ ಇರುವುದು ಒಂದೇ ಮನೆಯಲ್ಲಿ. ಆ ಮನೆಗೂ ನನ್ನ ಮನೆಗೂ ನಡುವೆ ಒಂದು ಗೋಡೆ, ಅದೂ ತೆಳ್ಳಗಿನದು.

ಮಗ್ಗದ ಶೆಡ್ಡಿನಲ್ಲಿ ನೂರಾರು ಲಾಳಿಗಳು ಒಟ್ಟಿಗೆ ಬಡಿಯುವಾಗ ಕಿವಿಯ ಪಕ್ಕದಲ್ಲಿ ಕೂಗಿದರೂ ಕೇಳಿಸದು. ಆದ್ದರಿಂದ ಅಲ್ಲಿಯ ಹೆಂಗಸರು ತುಟಿಯಲ್ಲೇ ಮಾತಾಡುತ್ತಿದ್ದರು. ದನಿ ಹೊರಡಿಸುವುದಿಲ್ಲ, ಬಾಯಿಯನ್ನು ಅಗಲಿಸಿ, ಹುಬ್ಬು ಕುಣಿಸಿ, ಒಂದೊಂದು ಅಕ್ಷರವನ್ನೂ ಗಾಳಿಯಲ್ಲಿ ಅಚ್ಚು ಹೊಡೆಯುತ್ತಾರೆ. ಶೆಡ್ಡಿನ ಆ ತುದಿಯವಳು ಅದನ್ನು ಅಲ್ಲಿಂದಲೇ ಓದಿಕೊಂಡು ಉತ್ತರ ಕೊಡುತ್ತಾಳೆ. ಇದಕ್ಕೆ ಅವರ ಹೆಸರು ಬಾಯಿಮಾತು. ಹೀಗೆ ವರ್ಷಗಟ್ಟಲೆ ದುಡಿದದ್ದರಿಂದ ದೊಡ್ಡಮ್ಮನಿಗೆ ಎರಡೇ ದನಿ ಉಳಿದವು: ಒಂದು ಇಡೀ ಬೀದಿಗೆ ಕೇಳುವುದು, ಇನ್ನೊಂದು ಯಾರಿಗೂ ಕೇಳದ್ದು. ನಡುವಿನದು ಯಾವುದೂ ಅವಳ ಹತ್ತಿರ ಇರಲಿಲ್ಲ. ಗುಟ್ಟು ಹೇಳಬೇಕಾದರೆ ಎರಡನೆಯದನ್ನು ಬಳಸುತ್ತಿದ್ದಳು, ಮರೆತರೆ ಮೊದಲನೆಯದನ್ನು. ಬೀದಿಯವರ ಎಷ್ಟೋ ಗುಟ್ಟುಗಳು ನಮಗೆ ತಿಳಿದದ್ದು ಹಾಗೆಯೇ.

ಹುಡುಗಿ ಮಾತು ಕಲಿಯುವ ಮೊದಲೇ ಬಾಯಿಮಾತು ಕಲಿತಳು. ನರ್ಸ್ ತಂಗಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗಿರುವಾಗ ದೊಡ್ಡಮ್ಮನೂ ಹುಡುಗಿಯೂ ಅಡುಗೆಮನೆಯಲ್ಲಿ ಎದುರುಬದುರು ಕುಳಿತು, ಒಂದು ಸದ್ದೂ ಇಲ್ಲದೆ, ಕೈಕಾಲು ಆಡಿಸಿಕೊಂಡು ಜಗಳವಾಡುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಮೊದಲ ಸಲ ನೋಡಿದಾಗ ನನ್ನ ಕಿವಿಗೆ ಏನೋ ಆಯಿತೆಂದು ಗಾಬರಿಯಾಗಿತ್ತು.

ಶೆಡ್ಡಿನಲ್ಲಿ ಹುರಿದುಂಬಿಸುವ ರೀತಿಯೂ ಬೇರೆ. ಪಾಳಿ ಮುಗಿಯುವ ಹೊತ್ತಿಗೆ ಒಬ್ಬಳ ಕೈ ಸೋತು, ಕಣ್ಣು ಮುಚ್ಚಿಕೊಂಡು ಹೋಗುವಾಗ, ‘ಭೇಷ್, ನಡೆಸು’ ಎಂದು ಯಾರೂ ಹೇಳುತ್ತಿರಲಿಲ್ಲ. ಎದುರಿನವಳು ಮೇಸ್ತ್ರಿಯ ಹೊಟ್ಟೆಯನ್ನೋ ಮ್ಯಾನೇಜರನ ನಡಿಗೆಯನ್ನೋ ಎತ್ತಿಕೊಂಡು ಬಾಯಿಮಾತಿನಲ್ಲಿ ಆಡಿಕೊಳ್ಳುತ್ತಿದ್ದಳು. ಸೋತವಳು ನಕ್ಕರೆ ಎಚ್ಚರವಾದಳು ಎಂದು ಲೆಕ್ಕ. ಮೇಸ್ತ್ರಿ ಪಕ್ಕದಲ್ಲೇ ನಿಂತಿರುತ್ತಿದ್ದ. ಅವನಿಗೆ ತುಟಿ ಓದಲು ಬರುತ್ತಿರಲಿಲ್ಲ. ದೊಡ್ಡಮ್ಮನಿಗೆ ಗೊತ್ತಿದ್ದ ಹುರಿದುಂಬಿಕೆ ಇದೊಂದೇ.

ಹುಡುಗಿ ಚದುರಂಗ ಚೆನ್ನಾಗಿ ಆಡುತ್ತಾಳೆ. ಆದರೆ ಅವಳಿಗೊಂದು ರೋಗವಿತ್ತು. ಒಂದು ಕಾಯಿ ಕಳೆದುಕೊಂಡರೆ ಸಾಕು, ಭುಜ ಇಳಿಬಿಟ್ಟು, ಎದುರಾಳಿ ಗೆಲ್ಲುವ ಮೊದಲೇ ತಾನು ಸೋತೆನೆಂದು ಕೈ ಚಾಚಿ ಎದ್ದುಬಿಡುತ್ತಿದ್ದಳು. ತರಬೇತುದಾರ ಬೈದು ನೋಡಿದ, ತಾಯಿ ಮುದ್ದು ಮಾಡಿ ನೋಡಿದಳು, ನಾನು ಉಪದೇಶ ಮಾಡಿ ನೋಡಿದೆ. ನನ್ನ ಉಪದೇಶದ ನಂತರ ಇನ್ನೂ ಬೇಗ ಏಳತೊಡಗಿದಳು. ದೊಡ್ಡಮ್ಮ ಎದುರಿಗೆ ಕಂಡರೆ ಮಾತ್ರ ಕುಳಿತಿರುತ್ತಿದ್ದಳು. ಆದ್ದರಿಂದ ಚದುರಂಗದ ಒಂದು ಕಾಯಿಯ ನಡೆಯೂ ತಿಳಿಯದ ದೊಡ್ಡಮ್ಮ ಪ್ರತಿ ಪಂದ್ಯಕ್ಕೂ ಹೋಗಿ, ಬೆಂಚಿನ ಮೇಲೆ ಕೈಚೀಲ ಇಟ್ಟುಕೊಂಡು ಕೂರುತ್ತಿದ್ದಳು.

ಆ ಪರೀಕ್ಷೆಗೆ ಕೆಲವು ದಿನ ಮೊದಲು ಜಿಲ್ಲಾ ತಂಡದ ಆಯ್ಕೆಯ ಪಂದ್ಯಾವಳಿ ನಡೆಯಿತು. ಕೊನೆಯ ಸುತ್ತಿನ ಹೊತ್ತಿಗೆ ಒಂದೇ ಸ್ಥಾನ ಉಳಿದಿತ್ತು, ಅದಕ್ಕೆ ಇಬ್ಬರು: ನಮ್ಮ ಹುಡುಗಿ ಮತ್ತು ಅವಳ ವಯಸ್ಸಿನ ಒಬ್ಬ ಹುಡುಗ. ಅವನು ಗೆಲ್ಲಲೇಬೇಕು, ಇವಳಿಗೆ ಡ್ರಾ ಆದರೂ ಸಾಕು. ತಂಗಿಗೆ ಆಸ್ಪತ್ರೆಯ ಪಾಳಿ ಇದ್ದದ್ದರಿಂದ ದೊಡ್ಡಮ್ಮ ನನ್ನನ್ನು ಕರೆದಳು. ‘ಅಲ್ಲಿ ಗೋಡೆ ಮೇಲೆ ಇಂಗ್ಲಿಷಲ್ಲಿ ಏನೇನೋ ಅಂಟಿಸ್ತಾರೆ. ಓದಿ ಹೇಳೋಕೆ ಒಬ್ರು ಬೇಕು.’

ಗೋಡೆಯ ಮೇಲೆ ನಿಜವಾಗಿಯೂ ಅಂಟಿಸಿದ್ದರು. ಆಟಗಾರರನ್ನು ಚಿಯರ್ ಆನ್ ಮಾಡುವುದು, ಮಾತಾಡಿಸುವುದು ನಿಷಿದ್ಧ. ಆಟದ ಬಗ್ಗೆ ಸೂಚನೆ ಕೊಟ್ಟರೆ ಆಟಗಾರ ಪಂದ್ಯಾವಳಿಯಿಂದಲೇ ಹೊರಗೆ, ಒಂದು ವರ್ಷ ಯಾವ ಪಂದ್ಯವೂ ಇಲ್ಲ. ನಾನು ಪೂರ್ತಿ ಓದಿ ಹೇಳಿದೆ.

‘ಸದ್ದು ಮಾಡಬಾರದು ಅಂತ ತಾನೆ?’ ಎಂದಳು ದೊಡ್ಡಮ್ಮ, ಮೊದಲನೆಯ ದನಿಯಲ್ಲಿ. ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನೋಡಿದರು.

‘ಹೆಚ್ಚುಕಡಿಮೆ’ ಎಂದೆ. ನಿಯಮವನ್ನು ಇನ್ನಷ್ಟು ವಿವರಿಸಬೇಕಿತ್ತೋ ಏನೋ, ಆದರೆ ಅವಳೊಂದಿಗೆ ಇನ್ನೊಂದು ಸುತ್ತು ಮಾತು ಬೆಳೆಸಿದ್ದರೆ ನಮ್ಮನ್ನು ಆಗಲೇ ಹೊರಗೆ ಕಳಿಸುತ್ತಿದ್ದರು.

ಕುಳಿತ ಮೇಲೆ ದೊಡ್ಡಮ್ಮನ ಮುಖ ಗಂಟಾಯಿತು. ಎದುರು ಗೋಡೆಯ ಬೆಂಚಿನಲ್ಲಿ, ಆ ಹುಡುಗನ ಕಡೆಯವರಾಗಿ, ಬೂದು ಸ್ವೆಟರಿನ ಒಬ್ಬ ಮುದುಕಿ ಕುಳಿತಿದ್ದಳು. ಅವಳು ಹುಡುಗನ ಅಜ್ಜಿ. ಗಿರಣಿಯಲ್ಲಿ ದೊಡ್ಡಮ್ಮನ ಎದುರುಸಾಲಿನಲ್ಲಿ ಮಗ್ಗ ನಡೆಸಿದವಳು. ಒಂದು ಕಾಲದಲ್ಲಿ ಇಬ್ಬರೂ ಬಿಟ್ಟಿರಲಾರದ ಗೆಳತಿಯರು. ಒಂದು ದಿನ ದೊಡ್ಡಮ್ಮ ಪಕ್ಕದವಳಿಗೆ, ‘ಇವಳು ಊಟದ ಡಬ್ಬಿ ತೆಗೆದ್ರೆ ನೊಣ ಕೂಡ ದಾರಿ ಬದಲಿಸುತ್ತೆ’ ಎಂದು ಬಾಯಿಮಾತಿನಲ್ಲಿ ಹೇಳಿದ್ದಳು. ಎದುರುಸಾಲಿನವಳು ಬೆನ್ನು ತಿರುಗಿಸಿ ನಿಂತಿದ್ದರೂ ಕಿಟಕಿಯ ಗಾಜಿನಲ್ಲಿ ಆ ತುಟಿಗಳನ್ನು ಓದಿಬಿಟ್ಟಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಬಾಯಿಮಾತೂ ಇಲ್ಲ.

ಆಟ ಶುರುವಾಯಿತು. ಸಭಾಂಗಣದಲ್ಲಿ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ಒಂದು ಆನೆಯನ್ನು ಕಳೆದುಕೊಂಡಳು. ಭುಜ ಇಳಿಯಿತು. ಕಣ್ಣು ಬೆಂಚಿನ ಕಡೆ ಬಂತು. ದೊಡ್ಡಮ್ಮ ತುಟಿ ಬಿಚ್ಚಿದಳು. ಹುಬ್ಬು ಮೇಲೆ ಹೋಯಿತು, ಕೆನ್ನೆ ಉಬ್ಬಿತು, ಮೂಗು ಒಂದು ಪಕ್ಕಕ್ಕೆ ಸರಿಯಿತು. ಹುಡುಗಿ ನಗು ತಡೆದುಕೊಂಡು, ನೆಟ್ಟಗೆ ಕುಳಿತು, ಒಂದು ನಡೆ ಆಡಿದಳು. ಮತ್ತೆ ಭುಜ, ಮತ್ತೆ ತುಟಿ, ಮತ್ತೊಂದು ನಡೆ. ದೂರದಿಂದ ನೋಡಿದವರಿಗೆ ಏನು ಅನಿಸಬಹುದು ಎಂಬುದು ನನಗೆ ಹೊಳೆಯುವಷ್ಟರಲ್ಲಿ ಹುಡುಗನ ತಂದೆ ಎದ್ದು ನಿಂತಿದ್ದ. ಅವನು ವಿಮೆ ಏಜೆಂಟ್. ಅನಾಹುತ ಎಲ್ಲಿದೆ ಎಂದು ಹುಡುಕುವುದು ಅವನ ಕಸುಬು.

‘ಸರ್, ಗಡಿಯಾರ ನಿಲ್ಲಿಸಿ. ಆ ಅಮ್ಮ ಬಾಯಿ ಸನ್ನೇಲಿ ಹುಡುಗಿಗೆ ನಡೆ ಹೇಳಿಕೊಡ್ತಿದಾರೆ.’

ತೀರ್ಪುಗಾರರು ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಮೃದುವಾಗಿ ಮಾತಾಡುವ ಸಣಕಲು ಮನುಷ್ಯ. ಗಡಿಯಾರ ನಿಲ್ಲಿಸಿ ಕೇಳಿದರು: ‘ಅಮ್ಮ, ನೀವು ಏನಾದರೂ ಹೇಳ್ತಾ ಇದ್ರಾ?’

‘ಹೇಳ್ತಾ ಇದ್ದೆ.’

‘ಏನು ಹೇಳ್ತಾ ಇದ್ರಿ?’

ದೊಡ್ಡಮ್ಮ ತೀರ್ಪುಗಾರರ ಮುಖ ನೋಡಿದಳು, ಅವರ ಕೋಟು ನೋಡಿದಳು, ಕಾಲು ನೋಡಿದಳು. ಬಾಯಿ ಮುಚ್ಚಿಕೊಂಡಳು. ನಾನು ಅವಳ ಪಕ್ಕದ ಮನೆಗೆ ಬಂದ ಮೇಲೆ ಆ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನೋಡಿರಲಿಲ್ಲ.

‘ಹೇಳದೆ ಇದ್ರೆ ನಾನು ನಿಯಮದ ಪ್ರಕಾರ ಹೋಗಬೇಕಾಗುತ್ತೆ’ ಎಂದರು ತೀರ್ಪುಗಾರರು.

ಹುಡುಗಿಯ ಮುಖ ಸುಣ್ಣದಂತಾಯಿತು. ‘ಸರ್, ದೊಡ್ಡಮ್ಮಂಗೆ ಆಟಾನೇ ಬರಲ್ಲ.’

‘ಮತ್ತೆ ಏನು ಹೇಳಿದ್ರು, ನೀನೇ ಹೇಳಮ್ಮ.’

ಹುಡುಗಿಯೂ ಕೋಟು ನೋಡಿ ತಲೆ ತಗ್ಗಿಸಿದಳು.

‘ನೋಡಿದ್ರಾ?’ ಎಂದ ವಿಮೆ ಏಜೆಂಟ್. ‘ಗುಪ್ತ ಸಂಕೇತ ಸರ್ ಇದು. ಕಳ್ಳ ಸನ್ನೆ.’

ಆಗ ಎದುರು ಬೆಂಚಿನಿಂದ ಇಡೀ ಬೀದಿಗೆ ಕೇಳುವ ಇನ್ನೊಂದು ದನಿ ಬಂತು. ‘ಯಾವನೋ ಅದನ್ನ ಕಳ್ಳ ಸನ್ನೆ ಅಂದಿದ್ದು? ಆ ಸನ್ನೇಲಿ ದುಡಿದೇ ಕಣೋ ನಿನ್ನ ಸಾಕಿದ್ದು.’ ಎದುರುಸಾಲಿನವಳು ಕೋಲೂರಿಕೊಂಡು ಎದ್ದು ಬಂದಳು. ‘ಅವಳು ಏನೇನು ಅಂದ್ಲು ಅಂತ ನಾನು ಹೇಳ್ತೀನಿ ಸರ್. ಮೊದಲಿಂದ ಕೊನೇವರೆಗೂ ಓದಿದೀನಿ.’

ವಿಮೆ ಏಜೆಂಟ್ ತಗ್ಗಿದ ದನಿಯಲ್ಲಿ, ‘ಅಮ್ಮ, ನೀವು ಯಾರ ಕಡೆ?’ ಎಂದ.

‘ನಾನು ನನ್ನ ಕಡೆ. ಸುಮ್ನಿರು.’

ದೊಡ್ಡಮ್ಮನ ಬಣ್ಣ ಇಳಿಯಿತು. ಈಕೆ ಒಂದು ಸುಳ್ಳು ಹೇಳಿದರೆ ಸಾಕಿತ್ತು: ಕುದುರೆ ನಡೆಸು ಅಂದಳು, ರಾಣಿಯನ್ನು ಉಳಿಸಿಕೋ ಅಂದಳು ಎಂದರೆ ಹುಡುಗಿ ತಂಡದಿಂದ ಹೊರಗೆ, ಮೊಮ್ಮಗ ಒಳಗೆ.

ತೀರ್ಪುಗಾರರಿಗೆ ನಂಬಿಕೆ ಬರಲಿಲ್ಲ. ಇಷ್ಟು ದೂರದಿಂದ ತುಟಿ ಓದುವುದು ಆಗುವ ಮಾತೇ ಎಂದು ಒಂದು ಪರೀಕ್ಷೆ ಮಾಡಿದರು. ದೊಡ್ಡಮ್ಮನನ್ನು ಗಾಜಿನ ಬಾಗಿಲಿನ ಆಚೆ ನಿಲ್ಲಿಸಿ, ಅವಳ ಕಿವಿಯಲ್ಲಿ ಮೆಲ್ಲಗೆ ಒಂದು ವಾಕ್ಯ ಹೇಳಿದರು. ‘ಆಂ?’ ಎಂದಳು ದೊಡ್ಡಮ್ಮ; ಗಾಜು ಅದುರಿತು. ಕೊನೆಗೆ ಚೀಟಿಯಲ್ಲಿ ಬರೆದು ತೋರಿಸಿ ಒಳಗೆ ಬಂದರು. ಆಚೆ ದೊಡ್ಡಮ್ಮನ ತುಟಿ ಆಡಿತು.

ಎದುರುಸಾಲಿನವಳು ಕನ್ನಡಕ ಸರಿಮಾಡಿಕೊಂಡು ಒಪ್ಪಿಸಿದಳು: ‘ವಿರಾಮದ ನಂತರ ದಯವಿಟ್ಟು ಕುರ್ಚಿಗಳನ್ನು ಎಳೆಯಬಾರದು.’

‘ಸರಿಯಾಗಿದೆ’ ಎಂದರು ತೀರ್ಪುಗಾರರು, ಬೆರಗಿನಿಂದ.

‘ಇನ್ನೂ ಇದೆ. ಆಮೇಲೆ ಅವಳು, ಜಗತ್ತಲ್ಲಿ ಇಷ್ಟು ಮಾತಿರುವಾಗ ಈ ಮಹಾರಾಯನಿಗೆ ಕುರ್ಚಿನೇ ಸಿಕ್ತಾ ಅಂದ್ಲು.’

ತೀರ್ಪುಗಾರರು ಕೆಮ್ಮಿದರು. ‘ಆಟದ ಹೊತ್ತಿನಲ್ಲಿ ಹೇಳಿದ್ದನ್ನ ಹೇಳಿ.’

ಅವಳು ನ್ಯಾಯಾಲಯದಲ್ಲಿ ನಿಂತವಳಂತೆ ನಿಂತಳು. ಇಷ್ಟು ವರ್ಷ ಈ ಹೆಂಗಸಿನ ಬಾಯಿಯ ಬಗ್ಗೆ ಯಾರ ಬಳಿ ದೂರುವುದೆಂದು ತಿಳಿಯದೆ ಇದ್ದವಳಿಗೆ ಇಂದು ಅಧಿಕಾರವುಳ್ಳ ಒಬ್ಬರು ತಾವಾಗಿಯೇ ಕೇಳುತ್ತಿದ್ದರು. ಬಿಡುವುದುಂಟೆ?

‘ಮೊದಲು ನಿಮ್ಮ ವಿಚಾರ. ಈ ತೀರ್ಪುಗಾರನ ಕೋಟು ನೋಡು, ನಮ್ಮ ಶೆಡ್ಡಲ್ಲಿ ಎಳೆ ತಪ್ಪಿ ಮೂಲೆಗೆ ಬಿಸಾಕಿದ ಬಟ್ಟೆ. ಪ್ಯಾಂಟಿಗೂ ಬೂಟಿಗೂ ಮಾತು ಬಿಟ್ಟು ಹೋಗಿದೆ, ಒಂದರ ಹತ್ತಿರ ಇನ್ನೊಂದು ಬರಲ್ಲ, ಅಂದ್ಲು.’

ಎಲ್ಲರ ಕಣ್ಣುಗಳೂ ಪ್ಯಾಂಟಿನ ಅಂಚಿಗೆ ಹೋದವು. ತೀರ್ಪುಗಾರರು ಒಂದು ಕಾಲನ್ನು ಇನ್ನೊಂದರ ಹಿಂದೆ ಇಟ್ಟುಕೊಂಡರು.

‘ಆಮೇಲೆ ನನ್ನ ಮಗನ ವಿಚಾರ. ಇವನು ಮಗುವಾಗಿದ್ದಾಗ ಎಷ್ಟು ಅಳ್ತಿದ್ದ ಅಂದ್ರೆ, ಇವನಮ್ಮ ಸ್ವಲ್ಪ ನಿಶ್ಶಬ್ದ ಬೇಕು ಅಂತ ಮಗ್ಗದ ಶೆಡ್ಡಿಗೆ ಬರ್ತಿದ್ಲು, ಅಂದ್ಲು.’ ಸ್ವಲ್ಪ ತಡೆದು ಸೇರಿಸಿದಳು: ‘ಇದೊಂದು ನಿಜ.’

‘ಅಮ್ಮ’ ಎಂದ ವಿಮೆ ಏಜೆಂಟ್.

‘ಆಮೇಲೆ ನನ್ನ ಮೊಮ್ಮಗನ ವಿಚಾರ. ಆ ಹುಡುಗನ ಮುಖ ಯಾಕೆ ಹಾಗಿದೆ ಗೊತ್ತಾ, ಆಟದ ಚಿಂತೆ ಅಲ್ಲ, ಅಜ್ಜಿ ಮಾಡಿಕೊಟ್ಟ ತಿಂಡಿ ಒಳಗೆ ಕೂತು ಕಾಟ ಕೊಡ್ತಿದೆ, ಅಂದ್ಲು. ಇದನ್ನ ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ ಸರ್.’

‘ಆಟದ ಕಾಯಿಗಳ ಬಗ್ಗೆ ಏನಾದರೂ?’

ಎದುರುಸಾಲಿನವಳು ಯೋಚಿಸಿದಳು. ‘ಒಂದೇ ಸಲ. ಆ ಮೂಲೇಲಿರೋ ಕುದುರೆ ಮೂತಿ ನೋಡು, ಥೇಟ್ ನಮ್ಮ ಹಳೇ ಮೇಸ್ತ್ರಿ, ಅಂದ್ಲು. ನೋಡಿದೆ. ಹೌದು ಸರ್, ಅವನೇ.’

ತೀರ್ಪುಗಾರರು ಪ್ಯಾಂಟನ್ನು ಕೆಳಕ್ಕೆ ಜಗ್ಗಿಕೊಂಡರು. ಆಮೇಲೆ ಹೇಳಿದರು: ‘ಇದು ಸೂಚನೆ ಅಲ್ಲ. ಇದು ಬೈಗುಳ. ಆಟ ಮುಂದುವರೀಲಿ. ಆದರೆ ಈ ಅಮ್ಮ ಆಟ ಮುಗಿಯೋವರೆಗೆ ಹೊರಗಿರಬೇಕು, ಹುಡುಗಿಗೆ ಮುಖ ಕಾಣಿಸದ ಕಡೆ.’

ದೊಡ್ಡಮ್ಮನನ್ನು ಗಾಜಿನ ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದರು. ನನ್ನನ್ನು ಒಳಗೇ ಬಿಟ್ಟರು. ನನ್ನಿಂದ ಯಾರಿಗೂ ಉತ್ತೇಜನ ಸಿಗುವ ಅಪಾಯವಿಲ್ಲ ಎಂದು ಅವರಿಗೆ ನೋಡಿದ ಕೂಡಲೇ ಅನಿಸಿರಬೇಕು.

ಹುಡುಗಿ ಒಬ್ಬಳೇ ಆದಳು. ಆನೆ ಮೊದಲೇ ಹೋಗಿತ್ತು. ಈಗ ಕುದುರೆ ಹೋಯಿತು, ನಂತರ ರಾಣಿಯೂ ಹೋಯಿತು. ಖಾಲಿಯಾದ ಬೆಂಚಿನ ಜಾಗವನ್ನು ಒಮ್ಮೆ ನೋಡಿದಳು. ಭುಜ ಇಳಿದೇ ಇಳಿಯಿತು. ಬಲಗೈ ಮೇಜಿನ ಮೇಲೆ ಬಂತು. ಇನ್ನೇನು ಚಾಚಿ ಸೋಲೊಪ್ಪುತ್ತಾಳೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಿ ಮಾಡುವುದೇನೂ ಇರಲಿಲ್ಲ.

ಆದರೆ ಗೆಲ್ಲುವ ಹೊತ್ತಿನಲ್ಲಿ ಹುಡುಗನಿಗೂ ಅಳುಕು ಬಂದಿತ್ತು. ಅವನು ಕಾಯಿಯತ್ತ ಕೈ ಒಯ್ದು ಮತ್ತೆ ಹಿಂದೆಳೆದುಕೊಳ್ಳುವುದನ್ನು ಕಂಡ ಅಜ್ಜಿಗೆ ತಡೆಯಲಾಗಲಿಲ್ಲ. ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಮೊಮ್ಮಗನನ್ನು ಹುರಿದುಂಬಿಸತೊಡಗಿದಳು. ತುಟಿ ಅಗಲಿಸಿ, ಹುಬ್ಬು ಕುಣಿಸಿ, ಅವನ ಎದುರಾಳಿಯನ್ನು ಅಡಿಯಿಂದ ಮುಡಿಯವರೆಗೆ ಆಡಿಕೊಂಡಳು. ಹುಡುಗ ಅಜ್ಜಿಯನ್ನು ಗಾಬರಿಯಿಂದ ನೋಡಿದ. ಅವನಿಗೆ ಬಾಯಿಮಾತು ಬರುತ್ತಿರಲಿಲ್ಲ. ಗಿರಣಿಯವರ ಚಾಳಿ ತನ್ನ ಮಗನಿಗೆ ಬೇಡವೆಂದು ಅವನ ತಂದೆ ಕಲಿಯಗೊಟ್ಟಿರಲಿಲ್ಲ. ಅಜ್ಜಿಗೆ ಹೊಟ್ಟೆನೋವೋ ಏನೋ ಎಂದುಕೊಂಡು ಅವನು ಇನ್ನಷ್ಟು ಹೆದರಿದ.

ಓದಿದ್ದು ಹುಡುಗಿ. ಆಮೇಲೆ ಅವಳೇ ನನಗೆ ಹೇಳಿದಳು. ‘ಈ ಹುಡುಗಿ ತಲೆ ನೋಡೋ, ಹಳೇ ಪೊರಕೆಗೆ ರಿಬ್ಬನ್ ಕಟ್ಟಿದ ಹಾಗಿದೆ. ಕೂತಿರೋದು ನೋಡೋ, ನೆನೆದ ಮೂಟೆ. ಆ ಮೂಗಿನ ಮೇಲೆ ಇನ್ನೊಂದು ಆಟ ಹಾಸಬಹುದು. ಇಂಥವಳಿಗೆ ಹೆದರ್ತೀಯೇನೋ?’

ಹುಡುಗಿಗೆ ಸಿಟ್ಟು ಬರಬೇಕಿತ್ತು. ಅವಳು ಮೂಗು ಮುಟ್ಟಿ ನೋಡಿಕೊಂಡಳು, ನಂತರ ಕೈಯಿಂದ ಬಾಯಿ ಮುಚ್ಚಿಕೊಂಡು ಭುಜ ಕುಲುಕುವಷ್ಟು ನಕ್ಕಳು. ನಕ್ಕವಳು ನೆಟ್ಟಗೆ ಕುಳಿತಳು. ಚಾಚಲು ಬಂದ ಕೈ ಹಿಂದೆ ಹೋಗಿ ರಾಜನನ್ನು ಒಂದು ಮನೆ ಸರಿಸಿತು. ಉಳಿದ ಕಾಯಿಗಳೂ ಒಂದೊಂದಾಗಿ ಹೋದವು, ಅಜ್ಜಿ ಬೈಯುತ್ತಲೇ ಇದ್ದಳು, ಹುಡುಗಿ ಕೂತೇ ಇದ್ದಳು.

ಸೋಲುವವಳು ನಗುತ್ತಿದ್ದಾಳೆಂದರೆ ಏನೋ ಹೂಟವಿದೆ ಎಂದು ಹುಡುಗನಿಗೆ ಅನಿಸಿತು. ಬೇಗ ಮುಗಿಸಿಬಿಡೋಣವೆಂದು ರಾಣಿಯನ್ನು ತಂದು ಹುಡುಗಿಯ ಒಂಟಿ ರಾಜನ ಹತ್ತಿರದ ಒಂದು ಮನೆಯಲ್ಲಿ ಇಟ್ಟ. ಇಟ್ಟ ಮೇಲೆ ಅವನ ಬಾಯಿ ಹಾಗೆಯೇ ತೆರೆದಿತ್ತು. ಹುಡುಗಿಯ ರಾಜನಿಗೆ ಚೆಕ್ಕೂ ಬಿದ್ದಿರಲಿಲ್ಲ, ಹೆಜ್ಜೆಯಿಡಲು ಒಂದು ಮನೆಯೂ ಉಳಿದಿರಲಿಲ್ಲ. ಆಟದ ನಿಯಮದಲ್ಲಿ ಅದು ಗೆಲುವಲ್ಲ, ಡ್ರಾ. ತೀರ್ಪುಗಾರರು ಬಾಗಿ ನೋಡಿ, ಹಾಗೆಂದೇ ಘೋಷಿಸಿ, ಹುಡುಗಿಯ ಹೆಸರನ್ನು ತಂಡಕ್ಕೆ ಬರೆದುಕೊಂಡರು.

ಇದರಲ್ಲಿ ಹುಡುಗಿಯ ಪ್ರತಿಭೆ ಎಷ್ಟು ಎಂದು ಕೇಳಿದರೆ, ಕುರ್ಚಿ ಬಿಡದೆ ಕೂತದ್ದಷ್ಟೇ. ಅಷ್ಟು ಕಲಿಯಲು ಅವಳಿಗೆ ಆವರೆಗೆ ಆಗಿರಲಿಲ್ಲ.

ವಿಮೆ ಏಜೆಂಟ್ ದೂರು ಕೊಡಲು ಬಾಯಿ ತೆರೆದ. ಹುಡುಗಿ ಯಾರನ್ನು ನೋಡಿ ನಕ್ಕಳು ಎಂದು ಅವನಿಗೆ ಅಷ್ಟರಲ್ಲಿ ಹೊಳೆದಿರಬೇಕು. ತಾಯಿಯ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ. ಹುಡುಗ ಮಾತ್ರ ನೇರವಾಗಿ ಅಜ್ಜಿಯ ಬಳಿ ಹೋಗಿ, ‘ಅಜ್ಜಿ, ಅದೇನು ಹೇಳ್ತಾ ಇದ್ರಿ? ನನಗೂ ಹೇಳಿಕೊಡಿ’ ಎಂದ.

‘ಈಗ ಕೇಳು. ರಾಣಿ ಇಡೋಕೆ ಮುಂಚೆ ಕೇಳಬೇಕಿತ್ತು’ ಎಂದಳು ಅಜ್ಜಿ.

ಗಾಜಿನ ಆಚೆ ದೊಡ್ಡಮ್ಮ ತಿರುಗಿ ನಿಂತಿದ್ದಳು. ಹುಡುಗಿ ಒಳಗಿನಿಂದಲೇ ಬಾಯಿಮಾತಿನಲ್ಲಿ ಸುದ್ದಿಯನ್ನೂ, ಅದು ಆದ ಬಗೆಯನ್ನೂ ತಿಳಿಸಿದಳು. ದೊಡ್ಡಮ್ಮನ ಹುಬ್ಬು ಮೇಲೇರಿ ಅಲ್ಲಿಯೇ ನಿಂತಿತು. ನಂತರ ಅವಳು ಎದುರುಸಾಲಿನವಳ ಕಡೆ ಮುಖ ಮಾಡಿ ತುಟಿ ಬಿಚ್ಚಿದಳು. ಎದುರುಸಾಲಿನವಳು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ಉತ್ತರ ಕೊಟ್ಟಳು. ಗಾಜಿನ ಎರಡೂ ಕಡೆ ಮುಖಗಳು ಉಬ್ಬಿದವು, ಬೆರಳುಗಳು ಎದ್ದವು, ಒಬ್ಬಳು ಸೊಂಟಕ್ಕೆ ಕೈಯಿಟ್ಟರೆ ಇನ್ನೊಬ್ಬಳು ಆಕಾಶ ತೋರಿಸಿದಳು. ಕೆಲಸದವರು ಮೇಜು ಮಡಚಿ, ಕುರ್ಚಿಗಳನ್ನು ಧಾರಾಳವಾಗಿ ಎಳೆದು ಒಟ್ಟಿ, ದೀಪ ಆರಿಸಲು ಬಂದರೂ ಅದು ಮುಗಿಯಲಿಲ್ಲ.

‘ಏನು ಹೇಳ್ತಿದಾರೆ?’ ಎಂದು ಹುಡುಗಿಯನ್ನು ಕೇಳಿದೆ.

ಅವಳು ಓದುತ್ತಾ ಕಿವಿಯವರೆಗೆ ಕೆಂಪಾಗಿದ್ದಳು. ‘ಮಿಸ್, ಅದು ನಿಮ್ಮ ಮುಂದೆ ಹೇಳೋ ಅಂಥದ್ದಲ್ಲ’ ಎಂದಳು.